ಕಳ್ಳ ಸ್ವಿಚ್ಚು

ನನ್ನ ಕಾರನ್ನು ಕದಿಯುವ ಕಳ್ಳ ಇನ್ನೂ ಹುಟ್ಟಿಲ್ಲ! ಹುಟ್ಟಿದ್ದರೂ ಅವನಿಗೆ ಡ್ರೈವಿಂಗ್ ಬರುವುದಿಲ್ಲ, ಬಂದರೂ ನನ್ನ ಕಾರು ಅವನ ಮಾತು ಕೇಳುವುದಿಲ್ಲ! ಹೀಗೆಂದು ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಹೇಳುವುದಕ್ಕೆ ನನಗೆ ಅಧಿಕಾರವೂ ಇತ್ತು ಅನ್ನಿ. ವಿಮಾ ಕಚೇರಿಯ ಕಳುವಾದ ವಾಹನಗಳ ವಿಭಾಗದಲ್ಲಿ ಕೂತು ಕೂತು ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಕಳ್ಳ ಯಾವ ತಂತಿ ಎಳೆಯುತ್ತಾನೆ, ಯಾವ ಬಾಗಿಲನ್ನು ಹೇಗೆ ಮೀಟುತ್ತಾನೆ, ಎಲ್ಲವೂ ನನಗೆ ಬಾಯಿಪಾಠ. ಎಷ್ಟೋ ಕಳ್ಳರಿಗೂ ಇಷ್ಟು ಗೊತ್ತಿರಲಾರದು.

ಹೀಗಿರುವಾಗ ಎದುರುಮನೆ ಟೈಲರನ ಸ್ಕೂಟರ್ ಹಾಡಹಗಲೇ ಮಂಗಮಾಯವಾಯಿತು. ಪಾಪ, ಅವನು ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಬೀದಿಯೆಲ್ಲ ಅಲೆದು ಬಂದ. ಅವನ ಕಷ್ಟ ನೋಡಿ ನನಗೆ ಅಯ್ಯೋ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಮುಂದಿನ ಸರದಿ ನನ್ನದು ಅನ್ನಿಸಿತು.

"ಕಾರಿಗೊಂದು ಕಳ್ಳ ಸ್ವಿಚ್ಚು ಹಾಕಿಸ್ತೀನಿ" ಎಂದು ಹೆಂಡತಿಯ ಮುಂದೆ ಘೋಷಿಸಿದೆ.

"ಹಾಗಂದ್ರೇನು?"

"ಎಲ್ಲಿದೆ ಅಂತ ಯಾರಿಗೂ ಗೊತ್ತಾಗದ ಸ್ವಿಚ್ಚು ಕಣೇ. ಅದು ಆಫ್ ಆಗಿದ್ರೆ ಇಂಜಿನ್ನಿಗೆ ಪೆಟ್ರೋಲ್ ಹೋಗಲ್ಲ. ಕಳ್ಳ ಬಂದು ಕೀ ತಿರುಗಿಸ್ತಾನೆ, ತಿರುಗಿಸ್ತಾನೆ, ತಿರುಗಿಸ್ತಾನೆ, ಅಷ್ಟರಲ್ಲಿ ಬೆಳಗಾಗಿರುತ್ತೆ."

"ಅದಕ್ಕೆ ಕಾರಲ್ಲಿ ತೂತು ಕೊರೀಬೇಕಾ?"

"ಒಂದೇ ಒಂದು. ಸಣ್ಣದು."

"ಬೇಡ ರೀ. ಚೆನ್ನಾಗಿರೋ ಗಾಡಿಗೆ ತೂತು ಹಾಕಿಸಿ ಕೆಡಿಸ್ಬೇಡಿ. ಹಾಕಿಸಲ್ಲ ಅಂತ ಮಾತು ಕೊಡಿ."

ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಧಾರಾಳಿ. ಆದರೆ ಕೊಟ್ಟ ಮಾತು ನನ್ನ ಬಳಿ ಉಳಿಯುವುದಾದರೂ ಹೇಗೆ, ಕೊಟ್ಟಾಗಿದೆಯಲ್ಲ! ಅವಳು ಕೆಲಸಕ್ಕೆ ಹೋದ ಹೊತ್ತು ನೋಡಿ ವೈರ್‌ಮನ್‌ನನ್ನು ಕರೆಸಿದೆ.

"ಕಳ್ಳ ಯಾವಾಗ್ಲೂ ಸ್ಟೇರಿಂಗ್ ಹತ್ರಾನೇ ಹುಡುಕ್ತಾನೆ ಸರ್" ಎಂದ ಆತ. "ನಾವು ಪಕ್ಕದ ಸೀಟಿನ ಕೆಳಗೆ ಹಾಕಿಬಿಡೋಣ. ಚಾಪೆ ಮುಗಿಯೋ ಅಂಚಲ್ಲಿ. ಅವನಪ್ಪನಿಗೂ ಗೊತ್ತಾಗಲ್ಲ."

ಮೊದಲ ವಾರ ಶಿಸ್ತೋ ಶಿಸ್ತು. ರಾತ್ರಿ ಬಗ್ಗಿ ಆಫ್, ಬೆಳಿಗ್ಗೆ ಬಗ್ಗಿ ಆನ್. ವಾರ ಕಳೆಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಕಳ್ಳನಿಗಾಗಿ ನನ್ನ ಸೊಂಟ ಯಾಕೆ ಮುರಿಯಬೇಕು ಎಂದು ಸ್ವಿಚ್ಚನ್ನು ಆನ್ ಮಾಡಿಯೇ ಬಿಟ್ಟೆ. ಕಳ್ಳನೂ ಬರಲಿಲ್ಲ. ದಿನ ಕಳೆದಂತೆ ಸ್ವಿಚ್ಚು ನನಗೇ ಮರೆತುಹೋಯಿತು.

ಇಷ್ಟಾಗುವಾಗ ಹೆಂಡತಿಗೆ ಬಡ್ತಿಯ ಯೋಗ ಬಂತು. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಎಂಥ ದಪ್ಪ ತೋಳಿದ್ದರೂ ನರ ಎಲ್ಲಿ ಅಡಗಿದೆ ಎಂದು ಒಂದೇ ನೋಟಕ್ಕೆ ಹಿಡಿಯುವವಳು. (ಮನೆಯಲ್ಲೂ ರಕ್ತ ಹೀರುತ್ತಾಳೆಯೇ ಎಂದು ಕೇಳಬೇಡಿ, ನಾನು ಇನ್ನೂ ಅದೇ ಮನೆಯಲ್ಲಿ ಊಟ ಮಾಡಬೇಕು.) ಊರಿನಲ್ಲಿರುವ ಎಲ್ಲ ಶಾಖೆಗಳಿಗೆ ಅವಳನ್ನೇ ಮೇಲ್ವಿಚಾರಕಿ ಮಾಡುವುದೆಂದು ಲ್ಯಾಬಿನವರು ನಿರ್ಧರಿಸಿದ್ದರು. ಆದರೆ ಶಾಖೆಯಿಂದ ಶಾಖೆಗೆ ಆಫೀಸಿನ ಕಾರನ್ನು ತಾನೇ ಓಡಿಸಿಕೊಂಡು ಹೋಗಬೇಕು. ಆ ವಾರ ಮುಗಿಯುವುದರೊಳಗೆ ಡ್ರೈವಿಂಗ್ ಲೈಸೆನ್ಸ್ ತೋರಿಸದಿದ್ದರೆ ಆ ಕುರ್ಚಿ, ಸಿರಿಂಜು ಹಿಡಿದರೆ ಕೈ ನಡುಗುವ ಆದರೆ ಜೇಬಿನಲ್ಲಿ ಲೈಸೆನ್ಸ್ ಇಟ್ಟುಕೊಂಡ ಇನ್ನೊಬ್ಬನ ಪಾಲು.

ಅವಳು ಟೆಸ್ಟಿನಲ್ಲಿ ಒಮ್ಮೆ ಫೇಲಾಗಿದ್ದಳು. ತಪ್ಪು ಅವಳದಲ್ಲ. ಮೈದಾನದ ಅಂಚಿನಲ್ಲಿ ನಿಂತು ನಾನು ಕೈಸನ್ನೆಯಲ್ಲಿ ಬಲಕ್ಕೆ ಎಂದೆ, ಎದುರಿಗಿದ್ದ ಅವಳು ಎಡಕ್ಕೆ ಎಂದು ತಿಳಿದಳು, ಕಾರು ಸೀದಾ ಕಂಬಕ್ಕೆ ಹೋಗಿ ಮುತ್ತಿಟ್ಟಿತು. ಹಾಗಾಗಿ ಈ ಸಲ ಮೊದಲೇ ಎಚ್ಚರಿಸಿದ್ದಳು.

"ನೀವು ಬನ್ನಿ. ಆದ್ರೆ ಕೈಕಟ್ಟಿ ನಿಂತಿರಿ. ಬಾಯಿ ಬಿಡಬೇಡಿ, ಕೈ ಎತ್ತಬೇಡಿ. ನಾನು ಪಾಸಾಗಬೇಕು ರೀ. ಇದೊಂದು ಸಲ ನಾನು ಪಾಸಾಗಲೇಬೇಕು."

ಅಷ್ಟು ಮೆತ್ತಗೆ ಅವಳು ಕೇಳುವುದು ಅಪರೂಪ. ನನಗೂ ಕರುಳು ಚುರುಕ್ ಎಂದಿತು. ಏನಾದರೂ ಸಹಾಯ ಮಾಡಲೇಬೇಕೆಂದು ಹಿಂದಿನ ಸಂಜೆ ಕಾರು ತೊಳೆದೆ. ಇನ್‌ಸ್ಪೆಕ್ಟರು ಕೂರುವ ಸೀಟು ಫಳಫಳ ಹೊಳೆಯಬೇಕಲ್ಲ! ಅದರ ಕೆಳಗೆಲ್ಲ ಬ್ರಷ್ ತೂರಿಸಿ ಗಸಗಸ ಉಜ್ಜಿದೆ. ನನ್ನ ಕರ್ತವ್ಯನಿಷ್ಠೆಗೆ ನಾನೇ ತಲೆದೂಗಿದೆ.

ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಮುಖ ಬಿಗಿ ಮಾಡಿಕೊಂಡು ಸ್ಟೇರಿಂಗ್ ಮುಂದೆ ಕೂತಳು. ಕೀ ತಿರುಗಿಸಿದಳು. ಕುಂಯ್ ಕುಂಯ್ ಕುಂಯ್. ಮತ್ತೆ ತಿರುಗಿಸಿದಳು. ಕುಂಯ್ ಕುಂಯ್ ಕುಂಯ್.

"ನೀನು ಇಳಿ, ನಾನು ನೋಡ್ತೀನಿ. ಕೀ ತಿರುಗಿಸೋಕೂ ಒಂದು ಹದ ಬೇಕು."

ಹದವಾಗಿ ತಿರುಗಿಸಿದೆ. ಕುಂಯ್ ಕುಂಯ್ ಕುಂಯ್.

"ಹದ ಚೆನ್ನಾಗಿದೆ" ಎಂದಳು.

ಬಾನೆಟ್ ಎತ್ತಿದೆ. ಗಂಡಸು ಬಾನೆಟ್ ಎತ್ತಿದ ಮೇಲೆ ಏನಾದರೂ ಮಾಡಲೇಬೇಕು, ಸುಮ್ಮನೆ ಮುಚ್ಚುವ ಹಾಗಿಲ್ಲ. ಬ್ಯಾಟರಿಯ ವೈರು ಅಲ್ಲಾಡಿಸಿದೆ. ಇನ್ಯಾವುದೋ ಪೈಪು ಅಲ್ಲಾಡಿಸಿದೆ. ಅಲ್ಲಾಡುವುದನ್ನೆಲ್ಲ ಅಲ್ಲಾಡಿಸಿ ಮುಗಿದಾಗ ಮೊಣಕೈವರೆಗೆ ಮಸಿಯಾಗಿತ್ತು, ಕಾರು ಮಾತ್ರ ಅಲ್ಲಾಡಿರಲಿಲ್ಲ.

ಅಷ್ಟರಲ್ಲಿ ಮಾವ ಹೊರಗೆ ಬಂದರು. ಮಗಳು ಪಾಸಾಗುವುದನ್ನು ಕೇಳಿಕೊಂಡೇ ಹೋಗುತ್ತೇನೆಂದು ಬಂದು ಉಳಿದಿದ್ದರು. ನಿವೃತ್ತಿಯವರೆಗೂ ರೈಲು ಓಡಿಸಿದವರು. ರಸ್ತೆಯಲ್ಲಿ ಹೋಗುವ ಯಾವುದನ್ನೂ ಅವರು ಗಾಡಿ ಎಂದು ಒಪ್ಪುವುದಿಲ್ಲ.

"ಏನು ಅಳಿಯಂದ್ರೆ, ಹೊರಡೋಕೆ ಸಿಗ್ನಲ್ ಸಿಕ್ಕಿಲ್ವಾ?"

"ಸ್ಟಾರ್ಟ್ ಆಗ್ತಿಲ್ಲ ಮಾವ."

ಅವರು ಕಿವಿಗೊಟ್ಟು ಕುಂಯ್ ಕುಂಯ್ ಕೇಳಿಸಿಕೊಂಡರು. "ಇದಕ್ಕೆ ಉಸಿರಿದೆ, ಮನಸ್ಸಿಲ್ಲ. ಪೆಟ್ರೋಲ್ ಇದೆಯಾ?"

"ಟ್ಯಾಂಕ್ ತುಂಬಾ ಇದೆ."

"ಮತ್ತೆ ಕುಡೀತಾ ಇಲ್ಲ. ನಮ್ಮ ಇಂಜಿನ್ನು ಒಂದು ದಿನಾನೂ ಹೀಗೆ ಹಟ ಮಾಡಿದ್ದಿಲ್ಲಪ್ಪ."

"ನಿಮ್ಮ ಇಂಜಿನ್ನಿಗೆ ಹಳಿ ಇತ್ತು ಮಾವ."

"ಹಳಿ ತಪ್ಪದ ಹಾಗೆ ಓಡಿಸೋ ಡ್ರೈವರೂ ಇದ್ದ."

ತಳ್ಳಿ ನೋಡೋಣ ಎಂದಾಯಿತು. ನಾನು ಒಳಗೆ, ಮಾವ ಮತ್ತು ಹೆಂಡತಿ ಹಿಂದೆ. ಎದುರುಮನೆ ಟೈಲರೂ ಓಡಿಬಂದು ಹೆಗಲು ಕೊಟ್ಟ. ಬೀದಿಯ ಆ ತುದಿಗೆ ತಳ್ಳಿದರು, ಅಲ್ಲಿ ಗೋಡೆ ಇತ್ತು. ಈ ತುದಿಗೆ ತಳ್ಳಿದರು, ಅಲ್ಲಿ ನಮ್ಮ ಮನೆ ಇತ್ತು. ಹೆಂಡತಿಯ ಇಸ್ತ್ರಿ ಹೋಯಿತು, ಮಾವನ ದಮ್ಮು ಹೋಯಿತು, ಕಾರು ಮಾತ್ರ ಎಲ್ಲಿಗೂ ಹೋಗಲಿಲ್ಲ.

"ನೀವು ಪುಣ್ಯವಂತರು ಸರ್" ಎಂದ ಟೈಲರ್, ಬೆವರು ಒರೆಸಿಕೊಳ್ಳುತ್ತ. "ನಿಮ್ಮ ಗಾಡಿನ ಕಳ್ಳರೂ ಒಯ್ಯೋಕಾಗಲ್ಲ."

ನನಗೆ ಮೈಯೆಲ್ಲ ಉರಿಯಿತು. ಟೆಸ್ಟಿನ ಹೊತ್ತು ಹತ್ತಿರವಾಗುತ್ತಿತ್ತು. ಬೇರೆಯವರ ಕಾರಿನಲ್ಲಿ ಅವಳು ಒಂದು ದಿನವೂ ಕೈ ಪಳಗಿಸಿದವಳಲ್ಲ. ಅವಳು ಗಡಿಯಾರ ನೋಡುತ್ತ ತುಟಿ ಕಚ್ಚಿಕೊಂಡು ನಿಂತಿದ್ದಳು. ಬೈದಿದ್ದರೆ ಸಹಿಸಬಹುದಿತ್ತು. ಅವಳು ಬೈಯಲೂ ಇಲ್ಲ.

"ಮೆಕ್ಯಾನಿಕ್ಕಿಗೆ ಫೋನ್ ಮಾಡೋಣ" ಎಂದಳು. ನನ್ನ ಕೈಯೆಲ್ಲ ಮಸಿ, ಹಾಗಾಗಿ ಅವಳೇ ಸ್ಪೀಕರ್ ಹಾಕಿ ಫೋನನ್ನು ನನ್ನ ಬಾಯಿಗೆ ಹಿಡಿದಳು.

ಮೆಕ್ಯಾನಿಕ್ ಎಲ್ಲ ಕೇಳಿಸಿಕೊಂಡ. "ಸರ್, ಕುಂಯ್ ಅನ್ನುತ್ತೆ, ಹಿಡಿಯಲ್ಲ, ಪೆಟ್ರೋಲ್ ಮೇಲೆ ಬರ್ತಿಲ್ಲ. ಗಾಡಿಗೆ ಕಳ್ಳ ಸ್ವಿಚ್ಚೇನಾದ್ರೂ ಹಾಕ್ಸಿದೀರಾ?"

ನನ್ನ ಎದೆ ಧಸಕ್ಕೆಂದಿತು. ಸ್ವಿಚ್ಚು! ನಿನ್ನೆಯ ಬ್ರಷ್ಷು! ಗಸಗಸ!

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮಾವನೂ ನೋಡುತ್ತಿದ್ದರು. ಟೈಲರ್ ಕೂಡ.

"ಛೆ ಛೆ" ಎಂದೆ. "ಅಂಥದ್ದೇನೂ ಇಲ್ಲಪ್ಪ. ಅದೆಲ್ಲ ನಾನು ಹಾಕಿಸೋನಲ್ಲ."

"ಹಾಗಿದ್ರೆ ನಾನೇ ಬರ್ಬೇಕು ಸರ್. ಮಧ್ಯಾಹ್ನ ಆಗುತ್ತೆ."

ಈಗ ನೋಡಿ ನನ್ನ ಪಾಡು. ಬೆರಳಲ್ಲಿ ಒತ್ತಿದರೆ ಮುಗಿಯುವ ಕೆಲಸ, ಒತ್ತುವುದಕ್ಕೆ ಮಾತ್ರ ಯಾರೂ ಇರಬಾರದು! ತಲೆ ಓಡಿಸಿದೆ. ಟೈಲರನನ್ನು ಒಂದು ಹಳೇ ಬಟ್ಟೆ ಚೂರು ತರಲು ಅಟ್ಟಿದೆ. ಮಾವನನ್ನು ಅಟ್ಟದ ಮೇಲಿನ ಸ್ಪ್ಯಾನರ್ ಹುಡುಕಲು ಕಳಿಸಿದೆ. ನಮ್ಮ ಅಟ್ಟದ ಮೇಲೆ ಸ್ಪ್ಯಾನರ್ ಇಲ್ಲ, ಹಾಗಾಗಿ ಅವರು ಬೇಗ ಬರುವ ಭಯವಿರಲಿಲ್ಲ.

"ನೀನು ಒಂದು ಚೊಂಬು ನೀರು ತಾ."

"ಕುಡಿಯೋಕಾ, ಕಾರಿಗಾ?"

"ತಾರೇ ಮೊದಲು!"

ಅವಳು ಒಳಗೆ ಹೋದದ್ದೇ ತಡ, ಬೆಕ್ಕಿನ ಹೆಜ್ಜೆ ಹಾಕಿ ಬಾಗಿಲು ತೆಗೆದೆ. ಅತ್ತಿತ್ತ ನೋಡಿದೆ. ತಲೆ ಕೆಳಗೆ, ಕಾಲು ರಸ್ತೆಗೆ ಮಾಡಿ ಸೀಟಿನ ಕೆಳಗೆ ಕೈ ತೂರಿಸಿದೆ. ವೈರ್‌ಮನ್ ಹೇಳಿದ್ದು ಸುಳ್ಳಲ್ಲ, ನನಗೂ ಸಿಗಲೊಲ್ಲದು. ಸೊಂಟ ಹಳೇ ಪರಿಚಯ ನೆನಪಿಸಿಕೊಂಡು ಹಿಡಿದುಕೊಂಡಿತು. ನರಳುತ್ತ, ಬೈದುಕೊಳ್ಳುತ್ತ ತಡಕಾಡಿದೆ. ಕೊನೆಗೆ ಚಾಪೆಯ ಅಂಚಿನಲ್ಲಿ ಟಕ್ ಎಂದಿತು.

ಎಲ್ಲರೂ ಬರುವ ಹೊತ್ತಿಗೆ ಕಾರು ಗುರ್ರೆನ್ನುತ್ತ ನಿಂತಿತ್ತು, ನಾನು ಅದಕ್ಕೆ ಒರಗಿಕೊಂಡು ನಿಂತಿದ್ದೆ.

"ಭಲೇ ಅಳಿಯಂದ್ರೆ! ಏನಾಗಿತ್ತು?"

"ಒಂದು ವೈರು ಲೂಸಾಗಿತ್ತು ಮಾವ. ಮೇಲ್ನೋಟಕ್ಕೆ ಕಾಣೋದಲ್ಲ. ಅನುಭವ ಬೇಕು."

"ವೈರಾ?" ಎಂದಳು ಹೆಂಡತಿ. "ಸರಿ. ನೀರು ಕುಡೀರಿ." ಚೊಂಬು ನನ್ನ ಕೈಗಿತ್ತು ಸ್ಟೇರಿಂಗ್ ಹಿಡಿದಳು. ಇಷ್ಟು ಸುಲಭವಾಗಿ ನಂಬಿದಳಲ್ಲ ಎಂದು ನನಗೇ ಅವಳ ಮೇಲೆ ಮರುಕ ಬಂತು.

ಹೊತ್ತಿಗೆ ಸರಿಯಾಗಿ ಮೈದಾನ ಮುಟ್ಟಿದೆವು. ಅವಳ ಹೆಸರು ಕೂಗಿದರು. ಇನ್‌ಸ್ಪೆಕ್ಟರು ಪಕ್ಕದ ಸೀಟಿನಲ್ಲಿ ಕೂತರು. ಭಾರಿ ಆಳು, ಭಾರಿ ಬೂಟು. ನಾನು ಅಂಚಿನಲ್ಲಿ ಉಳಿದ ಅಭ್ಯರ್ಥಿಗಳ ನಡುವೆ ಕೈಕಟ್ಟಿ, ಬಾಯಿ ಮುಚ್ಚಿ, ಕಂಬದ ಹಾಗೆ ನಿಂತೆ. ಕಾರು ಮುಂದೆ ಹೋಯಿತು. ಎಂಟರ ಆಕಾರದಲ್ಲಿ ಅರ್ಧ ಸುತ್ತಿತು. ಆಹಾ, ನನ್ನ ಶಿಷ್ಯೆ! ಆಗ ಇನ್‌ಸ್ಪೆಕ್ಟರು ಆರಾಮಾಗಿ ಕೂರಲೆಂದು ಕಾಲು ಹಿಂದಕ್ಕೆ ಎಳೆದುಕೊಂಡದ್ದು ತೆರೆದ ಕಿಟಕಿಯಲ್ಲಿ ಅವರ ಮೈ ಹೊರಳಿದ್ದರಿಂದಲೇ ಗೊತ್ತಾಯಿತು.

ಆ ಸೀಟಿನಲ್ಲಿ ಕೂತಾಗಲೆಲ್ಲ ನನ್ನ ಕಾಲು ಮುಂದಕ್ಕೇ ಇರುತ್ತಿತ್ತು. ಅವಳು ಓಡಿಸುವಾಗ ಇಲ್ಲದ ಬ್ರೇಕನ್ನು ಜೀವ ಹಿಡಿದು ಒತ್ತುತ್ತಿದ್ದೆನಲ್ಲ! ಇನ್‌ಸ್ಪೆಕ್ಟರಿಗೆ ಆ ಭಯವಿರಲಿಲ್ಲ, ಅವರ ಬೂಟಿನ ಹಿಮ್ಮಡಿ ಸೀದಾ ಸ್ವಿಚ್ಚಿಗೇ ತಗುಲಿರಬೇಕು. ಕಾರು ಎರಡು ಸಲ ಮುಗ್ಗರಿಸಿ ಮೈದಾನದ ನಡುವೆ ನಿಂತುಬಿಟ್ಟಿತು.

ಕುಂಯ್ ಕುಂಯ್ ಕುಂಯ್.

ಮುಗಿಯಿತು. ಅವಳ ಲೈಸೆನ್ಸು, ಅವಳ ಬಡ್ತಿ, ಅವಳು ಅಷ್ಟು ಮೆತ್ತಗೆ ಕೇಳಿದ್ದ ಮಾತು, ಎಲ್ಲವೂ ನನ್ನ ಸ್ವಿಚ್ಚಿನ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಯಿತು. ನನ್ನ ಮಾನ ಹೋದರೆ ಹೋಗಲಿ, ಅವಳು ಪಾಸಾಗಲಿ! ಕಟ್ಟಿದ್ದ ಕೈ ಬಿಚ್ಚಿದೆ, ಮುಚ್ಚಿದ್ದ ಬಾಯಿ ತೆರೆದೆ, ಮೈದಾನಕ್ಕೆ ನುಗ್ಗಿ ಓಡಿದೆ.

"ಸೀಟಿನ ಕೆಳಗೆ! ಪಕ್ಕದ ಸೀಟಿನ ಕೆಳಗೆ ಕಳ್ಳ ಸ್ವಿಚ್ಚಿದೆ ಕಣೇ! ನಾನೇ ಹಾಕಿಸಿದ್ದು! ನಿನಗೆ ಹೇಳ್ದೆ ಹಾಕಿಸಿದ್ದು!"

ಅಂಚಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ಆದರೆ ನಾನು ಕಾರಿನ ಹತ್ತಿರ ತಲುಪುವ ಮೊದಲೇ ಅದು ಗುರ್ರೆಂದು, ಉಳಿದರ್ಧ ಎಂಟನ್ನು ನುಣ್ಣಗೆ ಸುತ್ತಿ ಹೊರಟುಹೋಯಿತು. ನಾನು ಅದರ ಧೂಳಿನಲ್ಲಿ ಏದುಸಿರು ಬಿಡುತ್ತ ನಿಂತೆ. ಮಾನವನ್ನೂ ಕಳೆದುಕೊಂಡೆ, ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಕಾರನ್ನು ನನ್ನ ಪಕ್ಕಕ್ಕೇ ತಂದು ನಿಲ್ಲಿಸಿದಳು. ಮುಖ ಅರಳಿತ್ತು.

"ಪಾಸ್ ರೀ!"

ಸಂತೋಷದಲ್ಲಿ ಬಾನೆಟ್ಟನ್ನೇ ಎರಡು ಸಲ ತಟ್ಟಿದೆ. ಆಮೇಲೆ ಕೇಳಿದೆ, "ಸ್ವಿಚ್ಚು ನಿನಗೆ ಹೇಗೆ ಗೊತ್ತಾಯ್ತು?"

"ಬೆಳಿಗ್ಗೆ ನೀರು ತರೋಕೆ ಕಳಿಸಿದ್ರಲ್ಲ. ಅಡುಗೆಮನೆ ಕಿಟಕಿ ಕಾರಿನ ಕಡೆಗೇ ಇರೋದು. ಇನ್‌ಸ್ಪೆಕ್ಟರಿಗೆ ಸರ್, ಕಾಲು ಸ್ವಲ್ಪ ಮುಂದಿಡಿ ಅಂದೆ, ಬಗ್ಗಿ ಒತ್ತಿದೆ. ಗಾಬರಿಯಾಗದೆ ರಿಪೇರಿ ಮಾಡ್ಕೊಂಡ್ರಲ್ಲ ಅಂತ ಖುಷಿಯಾದ್ರು."

"ಬೆಳಿಗ್ಗೇನೇ ಕೇಳಬಾರದಿತ್ತಾ?"

"ಟೆಸ್ಟಿತ್ತು. ಜಗಳಕ್ಕೆಲ್ಲಿತ್ತು ಟೈಮು?" ಎಂದವಳು ನಕ್ಕಳು. "ಹಿಂದೆ ಓಡಿ ಬರ್ತಿರೋದು ಯಾರಮ್ಮ ಅಂತ ಇನ್‌ಸ್ಪೆಕ್ಟರು ಕೇಳಿದ್ರು. ಎಲ್ಲೋ ನೋಡಿದ ಹಾಗಿದೆ ಸರ್ ಅಂದೆ."

ಅಭ್ಯಾಸಬಲದಿಂದ ನಾನು ಸ್ಟೇರಿಂಗ್ ಕಡೆಯ ಬಾಗಿಲಿಗೆ ಕೈ ಹಾಕಿದೆ. ಅವಳು ತಲೆಯಾಡಿಸಿ ಪಕ್ಕದ ಸೀಟು ತೋರಿಸಿದಳು. ಹೋಗಿ ಕೂತೆ, ಕಾಲನ್ನು ಮುಂದಕ್ಕೆ ಚಾಚಿಕೊಂಡು. ಅರ್ಧ ದಾರಿಯಲ್ಲಿ ಮಾವನ ಫೋನು ಬಂತು. ಅವಳ ಎರಡು ಕೈಯೂ ಸ್ಟೇರಿಂಗ್ ಮೇಲೆ, ಹಾಗಾಗಿ ನಾನೇ ಸ್ಪೀಕರ್ ಹಾಕಿ ಅವಳ ಬಾಯಿಗೆ ಹಿಡಿಯಬೇಕಾಯಿತು.

"ಏನಮ್ಮಾ, ಪಾಸಾ?"

"ಪಾಸ್ ಅಪ್ಪ."

"ಶಭಾಷ್! ಅಟ್ಟದ ಮೇಲೆಲ್ಲ ಹುಡುಕಿದೆ, ಸ್ಪ್ಯಾನರ್ ಸಿಗಲೇ ಇಲ್ಲ ನೋಡು. ಅಂದ ಹಾಗೆ ಗಾಡಿಗೆ ನಿಜವಾಗ್ಲೂ ಏನಾಗಿತ್ತಂತೆ?"

"ಗಾಡಿಗೇನೂ ಆಗಿರ್ಲಿಲ್ಲ ಅಪ್ಪ. ಕಳ್ಳರು ಸಿಕ್ಕಿದ್ರು."

"ಕಳ್ಳರಾ? ಎಷ್ಟು ಜನ?"

"ಒಬ್ಬನೇ ಅಪ್ಪ. ಮನೆಯವರಲ್ವಾ, ಮರ್ಯಾದೆಗೆ ಒಂದು 'ರು' ಸೇರಿಸಿದೆ."