ಮದರ್‌ಗೆ ನಾನು ಕಟ್ಟಿದ ಹೂವಿನ ಮಂಟಪ

ಮೆರವಣಿಗೆ ವಿಚಾರ ನನಗೆ ಬಿಟ್ಟುಬಿಡಿ! ಯಾರೂ ಕೇಳದಿದ್ದರೂ ಎದೆ ತಟ್ಟಿಕೊಂಡು ಈ ಮಾತು ಹೇಳಿದವನು ನಾನೇ.

ಗುಂಡ್ಲುಪೇಟೆಯ ಕಾನ್ವೆಂಟಿನಲ್ಲಿ ಎರಡು ಸಂಭ್ರಮ ಒಟ್ಟಿಗೆ ಕೂಡಿಬಂದಿದ್ದವು. ಸಿಸ್ಟರ್‌ಗಳ ಸಂಘ ಹುಟ್ಟಿ ನೂರು ವರ್ಷ, ಅವರು ನಮ್ಮೂರಿಗೆ ಬಂದು ಐವತ್ತು. ಅಂದು ಬಂದವರಲ್ಲಿ ಈಗ ಉಳಿದಿರುವುದು ನಮ್ಮ ಮದರ್ ಒಬ್ಬರೇ. ನನಗೆ ಅಕ್ಷರ ತಿದ್ದಿಸಿದ, ಮಗ್ಗಿ ಬಾರದಾಗ ಕಿವಿ ಹಿಂಡಿದ ಮಹಾತಾಯಿ. ಎಂಬತ್ತು ದಾಟಿದೆ, ಮಂಡಿನೋವು ಬೇರೆ. ಅವರನ್ನು ಪೇಟೆ ಬೀದಿಯಲ್ಲಿ ಮೆರೆಸಿ ಚರ್ಚಿಗೆ ಕರೆತರುವ ಭಾರ ನನ್ನ ಹೆಗಲಿಗೆ ಬಿತ್ತು.

"ನೋಡಿ, ನಾನು ಆ ಕಾನ್ವೆಂಟಲ್ಲೇ ಟೀಚರು. ಮದರ್ ಮನ್ಸು ನೋಯ್ಬಾರ್ದು, ನನ್ ಮಾನ ಓಗ್ಬಾರ್ದು. ಸುಮ್ಕೆ ಕಾರಲ್ಲಿ ಕೂರ್ಸ್ಕಂಡ್ ಬನ್ನಿ," ಎಂದಳು ಹೆಂಡತಿ ಸುಮ.

"ಕಾರೊಳ್ಗೆ ಕುಂತ್ರೆ ಯಾರ್ಗೆ ಕಾಣುಸ್ತಾರೆ ಕಣಮ್ಮಿ? ಮೈಸೂರು ದಸರಾನೇ ಮಾಡ್ಬುಡ್ತೀನಿ, ನೋಡ್ತಿರು!"

ಟ್ರ್ಯಾಕ್ಟರಿನ ಟ್ರೈಲರ್ ತೊಳೆದೆ. ನಾಲ್ಕು ಮೂಲೆಗೆ ಬಾಳೆಕಂದು, ನಡುವೆ ಎತ್ತರದ ಕುರ್ಚಿ, ತಲೆ ಮೇಲೆ ಬಿದಿರಿನ ಗೋಪುರ. ಚೆಂಡುಹೂವಿಗೆ ನಮ್ಮಲ್ಲೇನು ಬರವೇ? ಹೊಲದಿಂದ ಮಂಕರಿಗಟ್ಟಲೆ ತಂದು ಕಡ್ಡಿಯೊಂದೂ ಕಾಣದಂತೆ ಮುಚ್ಚಿಬಿಟ್ಟೆ! ಮಾದರಿ ಎಲ್ಲಿಯದು ಅಂತೀರಾ? ಚಿಕ್ಕಂದಿನಲ್ಲಿ ನಮ್ಮ ತಾತನ ಮೆರವಣಿಗೆ ನೋಡಿದ್ದೆ. ತಾತ ಹೂವಿನ ನಡುವೆ ಎಷ್ಟು ಗಂಭೀರವಾಗಿ ಕುಳಿತಿದ್ದರು! ಅದೇ ಕಣ್ಣಿಗೆ ಕಟ್ಟಿತ್ತು, ಅದನ್ನೇ ಕಟ್ಟಿದೆ.

ಮದರ್ ಬಿಳಿಯ ಉಡುಪಿನಲ್ಲಿ ಬಂದು ಕುಳಿತರು. ಜಪಮಾಲೆ ಹಿಡಿದು ಕಣ್ಣು ಮುಚ್ಚಿದರು. ಕುಲುಕಾಟಕ್ಕೆ ಬಿದ್ದಾರೆಂದು ನಾನೇ ಒಂದು ಶಲ್ಯ ಸುತ್ತಿ ಅವರನ್ನು ಕುರ್ಚಿಗೆ ಭದ್ರವಾಗಿ ಕಟ್ಟಿದೆ. ಹರದನಹಳ್ಳಿಯಿಂದ ಬಂದಿದ್ದ ವಾದ್ಯದ ಯಜಮಾನ ಒಮ್ಮೆ ಮಂಟಪ ನೋಡಿದ, ಒಮ್ಮೆ ನನ್ನನ್ನು ನೋಡಿದ. ನಿಧಾನದ ಬಡಿತ ಶುರುಮಾಡಿದ.

ಪೇಟೆ ಬೀದಿ ಎದ್ದು ನಿಂತಿತು! ಗಂಡಸರು ತಲೆಯ ಟವೆಲ್ಲು ತೆಗೆದು ಕೈಮುಗಿದರು. ಅಂಗಡಿಯವರು ಶಟರ್ ಇಳಿಸಿದರು. ಏನು ಗೌರವ! ಹೂವಿನಂಗಡಿ ಪುಟ್ಟಮ್ಮ ಗೊಳೋ ಎಂದು ಅತ್ತಾಗ ನನ್ನ ಕಣ್ಣೂ ಒದ್ದೆಯಾಯಿತು. ಆನಂದಬಾಷ್ಪ ಎಂದುಕೊಂಡೆ.

ಅಷ್ಟರಲ್ಲಿ ನನ್ನ ಜೊತೆ ಓದಿದ್ದ ನಂಜುಂಡ ಹಾರ ಹಿಡಿದು ಓಡಿಬಂದ.

"ಏನ್ಲಾ ಮಾದಪ್ಪ, ಒಂದ್ ಮಾತು ಯೋಳ್ಬಾರ್ದಾ? ಯಾವಾಗ್ಲಾ ಓದ್ರು ಮದರು?"

"ಎಲ್ಲಿಗ್ಲಾ ಓಗ್ತಾರೆ? ಇಲ್ಲೇ ಕುಂತವ್ರಲ್ಲ!"

"ಅದ್ ಸರಿ ಕಣ್ಲಾ, ಮಣ್ಣು ಎಷ್ಟೊತ್ಗೆ?"

ತಿರುಗಿ ಮಂಟಪ ನೋಡಿದೆ. ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿ, ಕಟ್ಟಿ, ಹೂವಿನ ವಿಮಾನದಲ್ಲಿ ವಾದ್ಯದೊಡನೆ ಕರೆದೊಯ್ಯುತ್ತೇವೆ. ತಾತನದು ಅದೇ ಮೆರವಣಿಗೆ! ತಾತ ಅಷ್ಟು ಗಂಭೀರವಾಗಿ ಕುಳಿತಿದ್ದ ಕಾರಣ ನನಗೆ ಹೊಳೆದದ್ದು ನಟ್ಟನಡು ಪೇಟೆಯಲ್ಲಿ.

"ಬದ್ಕವ್ರೆ ಕಣ್ಲಾ!" ಎಂದು ಅರಚಿದೆ. ವಾದ್ಯದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ನಂಜುಂಡ ಕಣ್ಣೊರೆಸುತ್ತ ಟ್ರೈಲರ್ ಹತ್ತಿ ಹಾರ ಎತ್ತಿದ. ಮದರ್ ಕಣ್ಣು ಬಿಟ್ಟರು.

"ನಂಜುಂಡಾ, ಏಳರ ಮಗ್ಗಿ ಈಗಲಾದ್ರೂ ಬರುತ್ತಾ?"

ನಂಜುಂಡ ಹಾರದ ಸಮೇತ ಹಿಂದಕ್ಕೆ ಬಿದ್ದ. "ಅಯ್ಯಯ್ಯಪ್ಪೋ, ಎದ್ಬುಟ್ರು!" ಎಂದು ಪುಟ್ಟಮ್ಮ ಕೂಗಿದಳು. ಅಳುತ್ತಿದ್ದ ಪೇಟೆಯೆಲ್ಲ ನಮ್ಮ ಹಿಂದೆಯೇ ಚರ್ಚಿಗೆ ಓಡಿಬಂತು.

ಬಾಗಿಲಲ್ಲಿ ಬಿಷಪ್ಪರ ಪಕ್ಕ ಸುಮ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ನಾಚಿಕೆಯಿಂದ ಭೂಮಿಗಿಳಿದುಹೋದೆ. ಶಲ್ಯ ಬಿಚ್ಚಿ ಮದರ್ ಕಾಲಿಗೆ ಬಿದ್ದೆ.

"ತಪ್ಪಾಯ್ತು ಮದರ್. ನಿಮ್ಮ ದಿನಾನೇ ಆಳು ಮಾಡ್ಬುಟ್ಟೆ."

ಮದರ್ ನಕ್ಕರು. "ಏಳೋ ಮಾದಪ್ಪ. ನಾವು ಬಂದ ದಿನ ಈ ಊರಲ್ಲಿ ನಮ್ಮನ್ನ ಗುರುತಿಸೋರು ಒಬ್ಬರೂ ಇರಲಿಲ್ಲ. ಇವತ್ತು ಇಷ್ಟು ಜನ ಅತ್ತರು. ನಾನು ಅರ್ಧ ಕಣ್ಣು ಬಿಟ್ಟುಕೊಂಡು ಎಲ್ಲಾ ನೋಡ್ತಾ ಇದ್ದೆ. ಬದುಕಿದ್ದಾಗಲೇ ಇದನ್ನ ನೋಡೋ ಪುಣ್ಯ ಯಾರಿಗಿದೆ?"

ಹೋದ ಜೀವ ಬಂತು! ಸುಮಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಗೆದ್ದೆ ಎಂದುಕೊಂಡು ಮತ್ತೆ ಎದೆಯುಬ್ಬಿಸಿದೆ.

ಮಾರನೆಯ ಬೆಳಿಗ್ಗೆ ಫೋನು ಬಂತು.

"ಮಾದಪ್ಪೋರಾ? ಉಮ್ಮತ್ತೂರಿಂದ ಕಣಣ್ಣ. ನಮ್ಮಪ್ಪ ತೀರ್ಕಂಡ್ರು. ಮದರ್‌ಗೆ ಕಟ್ಟಿದ್ರಂತಲ್ಲ, ಅಂಥದ್ದೇ ಒಂದ್ ವಿಮಾನ ಕಟ್ಕೊಡಿ."

ಪೆಚ್ಚಾಗಿ ಸುಮಳ ಮುಖ ನೋಡಿದೆ. ಅವಳು ಟ್ರ್ಯಾಕ್ಟರಿನ ಕೀ ತಂದು ಕೈಗಿಟ್ಟಳು.

"ಓಗ್ಬನ್ನಿ. ಈ ಸಲ ಯಾರೂ ಕಣ್ ಬಿಡಾಕಿಲ್ಲ."