ಮೋಡದ ದಿನಗಳ ಲೆಕ್ಕ

ಸರಾಸರಿ ತೆಗೆಯುವವನಷ್ಟು ಸುಖಿ ಜಗತ್ತಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಬಲವಾಗಿ ನಂಬಿದವನು. ಸುರಪುರದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನನಗೆ, ಉಪಗ್ರಹವು ಮೇಲಿನಿಂದ ಅಳೆದ ಮೀಥೇನ್ ಅನಿಲದ ಅಂಕಿಗಳನ್ನು ಜರಡಿ ಹಿಡಿಯುವ ಹುಚ್ಚು. ಬೋನಾಳದ ಕಡೆ ನೀರು ನಿಂತ ಭತ್ತದ ಗದ್ದೆಗಳಿಂದ ಈ ಅನಿಲ ಏಳುತ್ತದೆ. ಕಣ್ಣಿಗೆ ಕಾಣದು, ಮೂಗಿಗೂ ಸಿಗದು. ಇಂಥದ್ದರ ಬಗ್ಗೆ ಏನು ಹೇಳಿದರೂ ಯಾರೂ ಎದುರಾಡುವುದಿಲ್ಲ. ಈ ವಿಷಯದ ದೊಡ್ಡ ಅನುಕೂಲವೇ ಅದು.

ಎದುರಾಡುವವಳು ಮನೆಯಲ್ಲೇ ಇದ್ದಳು. ನನ್ನ ಹೆಂಡತಿ ಶಾಂತಾ ಶಹಾಪುರದ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಸುರಪುರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತೇ ಬರುವವಳು. ಯಾದಗಿರಿಯ ವಿಚಾರಗೋಷ್ಠಿಗೆಂದು ಮಾಡಿದ ರೇಖಾನಕ್ಷೆಯನ್ನು ಅವಳ ಮುಂದಿಟ್ಟು, "ನೋಡು, ಮಳಿಗಾಲದಾಗ ಸೈತ ಮೀಥೇನ್ ಹೆಚ್ಚಾಗಿಲ್ಲ" ಎಂದೆ. ಬೇಸಿಗೆಯಿಂದ ಚಳಿಗಾಲದವರೆಗೆ ಗೆರೆ ನೆಟ್ಟಗೆ ಹೋಗಿತ್ತು.

"ಮಳಿಗಾಲದಾಗ ಎಷ್ಟು ದಿನದ ಅಳತಿ ಅದಾವ್ರಿ?" ಎಂದಳು.

"ಮೋಡ ಇದ್ರ ಉಪಗ್ರಹಕ್ಕ ಕಾಣಂಗಿಲ್ಲ. ಆ ದಿನ ತೆಗದು ಹಾಕೋದು ಪದ್ಧತಿ. ಹಿಂದಿಂದು ಮುಂದಿಂದು ಕೂಡಿಸಿ ಗೆರಿ ಎಳದೀನಿ."

"ಅಂದ್ರ ಗದ್ದ್ಯಾಗ ನೀರು ನಿಂತಾಗ ನೋಡೇ ಇಲ್ಲ. ಮನ್ಯಾಗೂ ಹಂಗೇ ಮಾಡ್ತೀರಿ. ಶಹಾಪುರದಾಗ ಮನಿ ಮಾಡೋಣ ಅಂತ ನಾ ಮಾತು ತೆಗದ್ರ, ನನ್ನ ಮಾರಿ ಮ್ಯಾಲ ಮೋಡ ಕಂಡಕೂಡ್ಲೆ ಚಪ್ಪಲಿ ಮೆಟ್ಟಿ ಹೊಂಡ್ತೀರಿ. ಆಮ್ಯಾಲ ಮಂದಿ ಮುಂದ, ನಮ್ಮ ಮನ್ಯಾಗ ಜಗಳನೇ ಇಲ್ಲ ಅಂತೀರಿ."

ಸಿಟ್ಟು ಬಂದು ಚಪ್ಪಲಿಗೆ ಕಾಲು ಚಾಚಿದೆ. ಅವಳು ಹೇಳಿದ್ದೇ ನಿಜವಾಗುತ್ತದಲ್ಲ ಎಂದು ಹಿಂದಕ್ಕೆ ಎಳೆದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎಳೆದಿದ್ದ ಮಳೆಗಾಲದ ಗೆರೆಯನ್ನು ಅಳಿಸಿದೆ. ಗೋಷ್ಠಿಯಲ್ಲಿ ಆ ಜಾಗ ಖಾಲಿ ತೋರಿಸಿ, "ಇಲ್ಲಿ ನನಗೇನೂ ಗೊತ್ತಿಲ್ಲ" ಎಂದು ಗಟ್ಟಿ ದನಿಯಲ್ಲೇ ಹೇಳಿದೆ. ಹಿರಿಯರೊಬ್ಬರು ಎದ್ದು ಬಂದು ಕೈ ಕುಲುಕಿದರು.

ಆ ಉಬ್ಬಿನಲ್ಲಿ ಮನೆಗೆ ಬಂದವನು, ಶಾಂತಾ ಮತ್ತೆ ಶಹಾಪುರದ ಮಾತೆತ್ತಿದಾಗ ಎದ್ದು ಹೋಗದೆ ಕುಳಿತೆ. ಪೂರ್ತಿ ಕೇಳಿಸಿಕೊಂಡೆ. ಬೆನ್ನುನೋವು, ಬಸ್ಸಿನ ಬಾಗಿಲಿಗೆ ಜೋತು ಬಿದ್ದದ್ದು, ತಣ್ಣಗಾದ ಬುತ್ತಿ, ಇಷ್ಟು ವರ್ಷ ನಾನು ಜರಡಿಯಿಂದ ಆಚೆ ಚೆಲ್ಲಿದ್ದೆಲ್ಲ ಅಲ್ಲಿತ್ತು. ನನಗೆ ನಾಚಿಕೆಯಾಯಿತು.

ಈಗ ನಮ್ಮ ಮನೆ ಶಹಾಪುರದಲ್ಲಿದೆ. ಬಸ್ಸಿನಲ್ಲಿ ನಿಂತು ಸುರಪುರಕ್ಕೆ ಹೋಗುವವನು ನಾನು. ಸಂಜೆ ಮುಖ ಗಂಟು ಹಾಕಿಕೊಂಡು ಬಂದರೆ ಅವಳು ಎಲ್ಲಿಗೂ ಎದ್ದು ಹೋಗುವುದಿಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, "ಹೇಳ್ರಿ, ಇವತ್ತಿಂದು ಒಂದೂ ಬಿಡಬ್ಯಾಡ್ರಿ" ಎನ್ನುತ್ತಾಳೆ.