ಶನಿವಾರ ಬಂಡಿ ಹತ್ತದ ಲೆಕ್ಕದ ಮೇಷ್ಟ್ರು

ಶಾಲೆಯಲ್ಲಿ ಕೆಲಸ ಮಾಡುವವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಲ್ಲು ಹೊಡೆಯುವ ಮೊದಲೇ ಅದು ಬಂದು ಮುಂದಿನ ಬೆಂಚಿನಲ್ಲಿ ಕೂತಿರುತ್ತದೆ. ಸರ್ವೀಸಿನಲ್ಲಿ ನಾನು ಪಾಂಡವಪುರ, ಕೆ.ಆರ್. ಪೇಟೆ ಎಲ್ಲ ಸುತ್ತಿ ಕನ್ನಡ ಪಾಠ ಹೇಳಿದ್ದೇನೆ, ಎಲ್ಲ ಕಡೆಯೂ ನಕ್ಕಿದ್ದೇನೆ. ಆದರೆ ಮೊದಲ ಕೆಲಸಕ್ಕೆ ಸೇರಿದ ಊರಿನಲ್ಲಿ ನಕ್ಕಷ್ಟು ಮತ್ತೆಲ್ಲೂ ನಗಲಿಲ್ಲ. ಅದು ನಾಗಮಂಗಲ ತಾಲ್ಲೂಕಿನಲ್ಲಿ, ದೇವಲಾಪುರದಿಂದ ಇನ್ನೂ ಒಳಗೆ ಇರುವ ಒಂದು ಹಳ್ಳಿ. ಅರವತ್ತರ ದಶಕದ ಆರಂಭದ ವರ್ಷಗಳು.

ಹೈಸ್ಕೂಲನ್ನು ಊರವರೇ ಕಲ್ಲು ಹೊತ್ತು ಕಟ್ಟಿಕೊಂಡಿದ್ದರು. ಸರ್ಕಾರ ಸದ್ಯಕ್ಕೆ ಅಂತ ಒಂದು ಮಂಜೂರಾತಿ ಕೊಟ್ಟು, ಮೊದಲ ಬ್ಯಾಚಿನ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ ಮುಂದಿನ ಮಾತು ಎಂದಿತ್ತು. ಫಲಿತಾಂಶ ಕೆಟ್ಟರೆ ಶಾಲೆಗೆ ಬೀಗ. ಗಂಡುಹುಡುಗರು ಹೇಗೋ ಬಸ್ಸಿಗೆ ನೇತಾಡಿಕೊಂಡು ನಾಗಮಂಗಲಕ್ಕೆ ಹೋದಾರು. ಹೆಣ್ಣುಮಕ್ಕಳನ್ನು ಯಾರೂ ಅಷ್ಟು ದೂರ ಕಳಿಸುವುದಿಲ್ಲ, ಅವರ ಓದು ಅಲ್ಲಿಗೆ ಮುಗಿದ ಹಾಗೆ. ಎಲ್ಲರಿಗೂ ಭಯ ಇದ್ದದ್ದು ಲೆಕ್ಕದ್ದು. ಬಂದ ಲೆಕ್ಕದ ಮೇಷ್ಟ್ರುಗಳೆಲ್ಲ ಊರಿನ ಧೂಳು ನೋಡಿ ಬಂದ ಬಸ್ಸಿನಲ್ಲೇ ವಾಪಸು ಹೋಗುತ್ತಿದ್ದರು. ಆಗ ಬಂದವರು ನಮ್ಮ ಕಥಾನಾಯಕರು.

ಎತ್ತಿನ ರಜ

ಶಾಲಾ ಕಮಿಟಿಯ ಅಧ್ಯಕ್ಷರು ಊರಿನ ದೊಡ್ಡ ಜಮೀನ್ದಾರರು. ಕಮಿಟಿಯಲ್ಲಿ ಎರಡು ಪಾರ್ಟಿ. ಒಂದು ಪಾರ್ಟಿ ಹೂಂ ಅಂದರೆ ಇನ್ನೊಂದು ಊಹೂಂ ಅನ್ನಲೇಬೇಕು. ಇಂಥವರ ಮುಂದೆ ಆ ಸಣಕಲು ಯುವಕ ಬಂದು ನಿಂತರು. ಬಿ.ಎಸ್ಸಿ., ಅಚ್ಚುಕಟ್ಟಾದ ಪುಸ್ತಕದ ಕನ್ನಡ. ತಂದೆ ರೈಲ್ವೆ ಕೆಲಸಕ್ಕೆ ಬೊಂಬಾಯಿ ಕಡೆಯಿಂದ ಬಂದು ಮೈಸೂರಿನಲ್ಲಿ ನಿಂತವರಂತೆ.

"ತಾವು ಯಾವ ಜನ ಸಾಮಿ?" ಎಂದರು ಅಧ್ಯಕ್ಷರು.

"ಯೆಹೂದಿಗಳು."

ಎಲ್ಲರೂ ಹೆಡ್ಮಾಸ್ಟರ ಮುಖ ನೋಡಿದರು. ಹೆಡ್ಮಾಸ್ಟರು ಗಂಟಲು ಸರಿಮಾಡಿಕೊಂಡು, "ಬಹಳ ಹಳೇ ಜನ" ಎಂದರು. ಅವರಿಗೂ ಅಷ್ಟೇ ಗೊತ್ತಿದ್ದದ್ದು.

ಮೇಷ್ಟ್ರೇ ಬಿಡಿಸಿ ಹೇಳಿದರು. ಅವರ ಹಿರಿಯರು ಸಮುದ್ರದ ದಡದ ಹಳ್ಳಿಗಳಲ್ಲಿ ಎಣ್ಣೆಗಾಣ ನಡೆಸುತ್ತಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೆ ಸುತ್ತಿನ ಜನ ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರು. "ನಾನೂ ಶನಿವಾರ ಕೆಲಸ ಮಾಡುವುದಿಲ್ಲ. ಸೀಮೆಸುಣ್ಣ ಹಿಡಿಯುವುದಿಲ್ಲ, ಬೆಂಕಿ ಹಚ್ಚುವುದಿಲ್ಲ, ಗಾಡಿ ಹತ್ತುವುದಿಲ್ಲ. ಅದರ ಬದಲು ಭಾನುವಾರ ಇಡೀ ದಿನ ಪಾಠ ಮಾಡುತ್ತೇನೆ."

ಇವರ ಕೆಲಸ ಹೋಯಿತು ಎಂದುಕೊಂಡೆ ಹೆಡ್ಮಾಸ್ಟರ ಹಿಂದೆ ನಿಂತಿದ್ದ ನಾನು. ಅಧ್ಯಕ್ಷರು ಮೀಸೆ ನೀವಿಕೊಂಡು, "ನಾವು ಸೋಮಾರ ಎತ್ತಿನ ಯೆಗಲಿಗೆ ನೊಗ ಮಡಗಾಕಿಲ್ಲ. ಇವ್ರದ್ದು ಶನಿವಾರ. ಅಷ್ಟೇ ತಾನೆ?" ಎಂದರು.

ಎದುರು ಪಾರ್ಟಿಯ ಮುಖಂಡ ಆವತ್ತು ಮೊದಲ ಸಲ ಅಧ್ಯಕ್ಷರ ಮಾತಿಗೆ ತಲೆ ಆಡಿಸಿದ. "ಅಷ್ಟೇ ಅಲ್ಲ ಕಣಣ್ಣ. ನಾವು ಎತ್ತಿಗೆ ರಜ ಕೊಟ್ಬುಟ್ಟು ನಾವು ಗೇಯ್ತಾ ಇರ್ತೀವಿ. ಇವ್ರ ಹಿರೀಕ್ರು ಎತ್ತಿನ ಜೊತ್ಗೆ ತಮ್ಗೂ ರಜ ತಕಂಡವ್ರೆ! ಲೆಕ್ಕ ಯೇಳ್ಕೊಡಾಕೆ ಇಂತೋರೇ ಸರಿ ಬುಡಿ."

ಕತ್ತಲೆ ಆಗ್ತಾ ಇದೆಯಲ್ಲ

ಮೇಷ್ಟ್ರಿಗೂ ನನಗೂ ಒಂದೇ ಬಾಡಿಗೆ ಮನೆ. ಪಕ್ಕದಲ್ಲೇ ಮನೆಯೊಡತಿ ಅಜ್ಜಿ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮೇಷ್ಟ್ರು ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿ, ಎಣ್ಣೆದೀಪ ಹಚ್ಚಿ ಪ್ರಾರ್ಥನೆ ಮಾಡುತ್ತಿದ್ದರು. ಅಜ್ಜಿ ಕಿಟಕಿಯಿಂದ ನೋಡಿ ಸಂತೋಷಪಟ್ಟಳು. "ಶುಕ್ರವಾರ ಲಕ್ಷ್ಮಿಗೆ ದೀಪ, ಶನಿವಾರ ತಿಮ್ಮಪ್ಪನ ನೇಮ. ಗಂಡ ಎಂಡ್ರು ಇಬ್ರನ್ನೂ ಬುಡಾಕಿಲ್ಲ ನಮ್ಮ ಮೇಷ್ಟ್ರು" ಎಂದು ಬೀದಿಗೆಲ್ಲ ಹೇಳಿದಳು.

ಬಂದ ಹೊಸದರಲ್ಲಿ ಒಂದು ಶುಕ್ರವಾರ ಜೋರು ಗಾಳಿ ಬೀಸಿ ದೀಪ ಆರಿತು. ಒಳಗೆ ಗವ್ವೆನ್ನುವ ಕತ್ತಲೆ. ಅಜ್ಜಿ, ನಾನು ಜಗಲಿಯ ಮೇಲಿದ್ದೆವು. ಮೇಷ್ಟ್ರು ಬಾಗಿಲಿಗೆ ಬಂದು, "ಅಜ್ಜಿ, ಕತ್ತಲೆ ಆಗ್ತಾ ಇದೆಯಲ್ಲ" ಎಂದರು.

"ಊಂ ಕಣಪ್ಪ. ಸಂಜೆ ಆಯ್ತಲ್ಲ, ಆಗ್ದೆ ಇನ್ನೇನ್ ಮಾಡದು" ಎಂದಳು ಅಜ್ಜಿ.

ಮೇಷ್ಟ್ರು ನನ್ನ ಕಡೆ ತಿರುಗಿ, "ಒಳಗೆ ಏನೂ ಕಾಣಿಸ್ತಾ ಇಲ್ಲ" ಎಂದರು.

"ಹೌದು, ಮೋಡ ಬೇರೆ ಆಗಿದೆ" ಎಂದೆ ನಾನು.

"ದೀಪ ಇದ್ದಿದ್ದರೆ ಚೆನ್ನಾಗಿರ್ತಿತ್ತು."

"ಅದು ಸರಿ" ಎಂದು ಇಬ್ಬರೂ ಒಪ್ಪಿಕೊಂಡು ಕೂತೆವು.

ಬೇರೆ ದಾರಿ ಕಾಣದೆ ಮೇಷ್ಟ್ರು ವಿಷಯ ಹೇಳಿದರು. ಶುಕ್ರವಾರ ಹೊತ್ತು ಮುಳುಗಿದ ಮೇಲೆ ಶನಿವಾರ ನಕ್ಷತ್ರ ಮೂಡುವ ತನಕ ದೀಪ ಹಚ್ಚುವ ಹಾಗಿಲ್ಲ. ಬೇರೆಯವರಿಗೆ ಹಚ್ಚಿ ಎಂದು ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. ಕೇಳಿದವರು ತಾವಾಗಿಯೇ ಅರ್ಥ ಮಾಡಿಕೊಂಡರೆ ಮಾತ್ರ ಉಂಟು.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಲೇ ಒಳಗೆ ಹೋಗಿ ದೀಪ ಹಚ್ಚಿದಳು. "ಅಯ್ಯೋ ನನ್ನಪ್ಪ, ನಮ್ಮ ಯಜಮಾನ್ರೂ ಇಂಗೇಯ! ಉಪ್ಪು ತಕಬಾ ಅಂತ ಒಂದಿನ ಬಾಯ್ಬುಟ್ಟು ಕೇಳ್ನಿಲ್ಲ. ಸಾರು ಯಾಕೋ ಒಂತರಾ ಅದಲ್ಲ ಅಂದು ಸುಮ್ಕೆ ಕುಂತ್ಬುಡೋರು. ನಾನು ಅದನ್ನ ಇಷ್ಟು ದಿನ ಸಂಸಾರ ಅನ್ಕಂಡಿದ್ನಲ್ಲಪ್ಪ, ನಿಮ್ಮ ಜನದ ನೇಮವಾ ಅದು!"

ಮೂರು ಹೊತ್ತಿನ ವ್ರತ

ಶನಿವಾರ ಎಂದಮೇಲೆ ಊರಿನ ಅರ್ಧ ಜನ ತಿಮ್ಮಪ್ಪನ ಹೆಸರಿನಲ್ಲಿ ಒಪ್ಪೊತ್ತು ಇರುವವರು. ನಮ್ಮ ಹೆಡ್ಮಾಸ್ಟರಂತೂ ಶನಿವಾರ ಬೆಳಗಿನ ಶಾಲೆಯಲ್ಲಿ ಹಸಿದು ಹಸಿದು ಎಲ್ಲರ ಮೇಲೂ ರೇಗುತ್ತಿದ್ದರು. ಜೊತೆಗೊಬ್ಬ ವ್ರತದವರು ಸಿಕ್ಕರು ಎಂಬ ಖುಷಿಯಲ್ಲಿ ಒಂದು ಶನಿವಾರ ಶಾಲೆ ಮುಗಿದ ಮೇಲೆ ನಮ್ಮ ಮನೆಗೆ ಬಂದರು, ಕೈಯಲ್ಲಿ ಎರಡು ಬಾಳೆಹಣ್ಣು.

ಬಂದು ನೋಡಿದರೆ ಮೇಷ್ಟ್ರ ಮುಂದೆ ಎಲೆ. ಶುಕ್ರವಾರವೇ ಮಾಡಿಟ್ಟ ಚಪಾತಿ, ಪಲ್ಯ, ಮೊಸರು, ಬೆಲ್ಲದ ಸಿಹಿ.

"ಇದೇನ್ರೀ, ಇವತ್ತು ನಿಮ್ಮ ನೇಮ ಅಲ್ಲವೇ?"

"ಹೌದು ಸರ್. ಈ ದಿನ ಮೂರು ಊಟ ಮಾಡಬೇಕು ಅಂತಲೇ ನೇಮ. ಇದು ಎರಡನೆಯದು. ದಯವಿಟ್ಟು ಕೂತುಕೊಳ್ಳಿ."

ಹೆಡ್ಮಾಸ್ಟರು ಎಲೆಯನ್ನು ನೋಡಿದರು, ತಮ್ಮ ಕೈಯ ಬಾಳೆಹಣ್ಣನ್ನು ನೋಡಿದರು. "ಈ ವಯಸ್ಸಿನಲ್ಲಿ ದೇವರು ಬದಲಾಯಿಸೋದು ಕಷ್ಟ" ಎಂದು ನಿಟ್ಟುಸಿರು ಬಿಟ್ಟು, ಬಾಳೆಹಣ್ಣನ್ನೂ ಅಲ್ಲೇ ಇಟ್ಟು ಹೋದರು.

ಹೊಲದ ಲೆಕ್ಕ

ಭಾನುವಾರದ ಪಾಠಕ್ಕೆ ಮೊದಮೊದಲು ಮಕ್ಕಳು ಬರಲಿಲ್ಲ. ಭಾನುವಾರ ದನ ಕಾಯುವವರು ಯಾರು? ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಕರಿ ಹಲಗೆಯನ್ನು ಹೊತ್ತುಕೊಂಡು ದನ ಮೇಯುವ ಬಯಲಿಗೇ ಹೋದರು. ಮರಕ್ಕೆ ಹಲಗೆ ಒರಗಿಸಿ ಪಾಠ. ಹೆಣ್ಣುಮಕ್ಕಳು ತಮ್ಮ ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು. ಅವರಲ್ಲೊಬ್ಬಳು, ಅಧ್ಯಕ್ಷರ ಮೊಮ್ಮಗಳು, ಸೋದರಮಾವನಿಗೆ ಕೊಡುವ ಮಾತಾಗಿದ್ದವಳು. ಲೆಕ್ಕದಲ್ಲಿ ಪಾಸಾದರೆ ಮುಂದಕ್ಕೆ ಓದಿಸುತ್ತೇನೆ, ಇಲ್ಲವಾದರೆ ಲಗ್ನ ಎಂದು ಅಧ್ಯಕ್ಷರು ಹೇಳಿಬಿಟ್ಟಿದ್ದರು. ಅವಳು ಕಣ್ಣು ಮಿಟುಕಿಸದೆ ಹಲಗೆಯನ್ನು ನೋಡುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದು ಭಾನುವಾರ ಮೇಷ್ಟ್ರು, "ನಿಮ್ಮ ನಿಮ್ಮ ಹೊಲ ಅಳೆದು ವಿಸ್ತೀರ್ಣ ಕಂಡುಹಿಡಿದು ಬನ್ನಿ" ಎಂದರು. ಮಕ್ಕಳು ಹಗ್ಗ ಹಿಡಿದು ಉತ್ಸಾಹದಿಂದ ಅಳೆದವು. ಮಾರನೆಯ ದಿನ ಬೆಳಿಗ್ಗೆ ಶಾಲೆಯ ಮುಂದೆ ಗುಂಪು. ಒಬ್ಬ ಹುಡುಗನ ಲೆಕ್ಕದಲ್ಲಿ ಅವರಪ್ಪನ ಪಾಲಿಗಿಂತ ದೊಡ್ಡಪ್ಪನ ಪಾಲು ಹೆಚ್ಚು ಬಂದಿತ್ತು. ಅಣ್ಣತಮ್ಮಂದಿರು ಪಂಚೆ ಎತ್ತಿಕಟ್ಟಿ ನಿಂತಿದ್ದರು.

"ಇಷ್ಟು ಕಾಲ ಚೆಂದಾಗಿದ್ವಿ ಕಣ್ಲಾ, ನಿನ್ ಮಗ ಓದಿ ಮನೆ ಒಡ್ದ!" ಎಂದು ಅಣ್ಣ.

"ನನ್ ಮಗ ಓದ್ದೆ ಇದ್ದಿದ್ರೆ ಇನ್ನೂ ನುಂಗ್ತಿದ್ದೆ ನೀನು!" ಎಂದು ತಮ್ಮ.

ಮೇಷ್ಟ್ರು ಗಾಬರಿಯಾಗಿ ಹಲಗೆಯ ಮೇಲೆ ತಾವೇ ಲೆಕ್ಕ ಮಾಡಿ ನೋಡಿದರು. ಹುಡುಗ ಒಂದು ಕಡೆ ಗುಣಿಸುವಲ್ಲಿ ತಪ್ಪಿದ್ದ. ಎರಡೂ ಪಾಲು ಸಮ. ಅಣ್ಣತಮ್ಮ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಟರು. ಹೋಗುವಾಗ ತಮ್ಮ ಹಿಂದಕ್ಕೆ ಬಂದು ಮೇಷ್ಟ್ರ ಕಿವಿಯಲ್ಲಿ, "ನಮ್ಮಣ್ಣನ ಮುಂದೆ ಇಂಗಂದ್ರಿ, ಸರಿ. ಈಗ ನಿಜ ಯೇಳಿ ಸಾಮಿ" ಎಂದ.

ಮೆರವಣಿಗೆ

ಪರೀಕ್ಷೆ ಆಯಿತು. ಫಲಿತಾಂಶದ ಪತ್ರಿಕೆ ಬಸ್ಸಿನಲ್ಲಿ ಬಂದ ದಿನ ಇಡೀ ಊರು ಅರಳಿಕಟ್ಟೆಯ ಹತ್ತಿರ ನಿಂತಿತ್ತು. ಒಂದು ನಂಬರು ಬಿಟ್ಟು ನಮ್ಮ ಎಲ್ಲ ನಂಬರುಗಳೂ ಇದ್ದವು! ಶಾಲೆ ಉಳಿಯಿತು. ಅಧ್ಯಕ್ಷರ ಮೊಮ್ಮಗಳು ಪತ್ರಿಕೆಯನ್ನು ಎದೆಗೆ ಒತ್ತಿಕೊಂಡು ಅತ್ತಳು. ಅಂಕಪಟ್ಟಿ ಬಂದಾಗ ಗೊತ್ತಾಯಿತು, ಲೆಕ್ಕದಲ್ಲಿ ಒಬ್ಬರೂ ಫೇಲಾಗಿಲ್ಲ, ಅವಳಿಗಂತೂ ನೂರಕ್ಕೆ ನೂರು. ಬಿಟ್ಟುಹೋದ ಆ ಒಬ್ಬ ಹುಡುಗ ಫೇಲಾದದ್ದು ಯಾವುದರಲ್ಲಿ ಎಂದು ನೀವು ಕೇಳದಿದ್ದರೂ ಹೇಳುತ್ತೇನೆ. ಕನ್ನಡದಲ್ಲಿ.

ಎರಡು ಪಾರ್ಟಿಯವರೂ ಸೇರಿ ಲೆಕ್ಕದ ಮೇಷ್ಟ್ರಿಗೆ ಗೊತ್ತಾಗದ ಹಾಗೆ ಮೆರವಣಿಗೆ ಏರ್ಪಾಡು ಮಾಡಿದರು. ಎತ್ತುಗಳ ಕೊಂಬಿಗೆ ಬಣ್ಣ, ಬಂಡಿಗೆ ಬಾಳೆಕಂದು, ಮಾವಿನ ತೋರಣ, ನಾಗಮಂಗಲದಿಂದ ಓಲಗದವರು, ಒಬ್ಬ ಫೋಟೋಗ್ರಾಫರು. ಎಲ್ಲ ನಮ್ಮ ಮನೆ ಬಾಗಿಲಿಗೆ ಬಂದು ನಿಂತಾಗ ಅಧ್ಯಕ್ಷರು ಹೆಮ್ಮೆಯಿಂದ, "ಮೇಷ್ಟ್ರೇ, ನಿಮ್ಮ ವಾರಾನೇ ನೋಡಿ ಮಡಗಿದೀವಿ. ಇವತ್ತು ಶನಿವಾರ! ಅತ್ತಿ ಬಂಡಿಯ" ಎಂದರು.

ಮೇಷ್ಟ್ರ ಮುಖ ನೋಡಬೇಕಿತ್ತು. ಕಣ್ಣಲ್ಲಿ ನೀರು ತುಂಬಿತ್ತು. "ಅಧ್ಯಕ್ಷರೇ, ಇಷ್ಟು ಗೌರವ ನಮ್ಮ ಮನೆತನದಲ್ಲಿ ಯಾರಿಗೂ ಯಾರೂ ಮಾಡಿಲ್ಲ. ಆದರೆ ಶನಿವಾರ ನಾನು ಬಂಡಿ ಹತ್ತುವ ಹಾಗಿಲ್ಲ. ಫೋಟೋಗೂ ನಿಲ್ಲುವ ಹಾಗಿಲ್ಲ. ನಡೆದುಕೊಂಡು ಬರುತ್ತೇನೆ" ಎಂದರು.

ಓಲಗ ನಿಂತಿತು. ಮೊದಲ ದಿನವೇ ಕೇಳಿದ್ದ ಗಾಡಿಯ ಮಾತು ಆಗ ನೆನಪಾಗಿ ಅಧ್ಯಕ್ಷರು ತಲೆ ಕೆರೆದುಕೊಂಡರು. "ನಡ್ಕೊಂಡೇ ಬನ್ನಿ, ನಿಮ್ಮ ನೇಮ ದೊಡ್ಡದು. ಆದ್ರೆ ಸಿಂಗಾರ ಮಾಡಿದ್ ಬಂಡಿ ಕಾಲಿ ಓಗಂಗಿಲ್ವಲ್ಲ, ಅಪಶಕುನ." ಸುತ್ತ ನೋಡಿದ ಅವರ ಕಣ್ಣು ನನ್ನ ಮೇಲೆ ನಿಂತಿತು. "ಕನ್ನಡ ಮೇಷ್ಟ್ರೇ, ನಿಮ್ಗೇನೂ ನೇಮ ಇಲ್ವಲ್ಲ?"

ನನಗೆ ಯಾವ ನೇಮವೂ ಇರಲಿಲ್ಲ, ಅದೇ ನನ್ನ ಗ್ರಹಚಾರ. ನಾಲ್ಕು ಜನ ಎತ್ತಿ ಬಂಡಿಯ ಮೇಲೆ ಕೂರಿಸಿಯೇಬಿಟ್ಟರು. ಲೆಕ್ಕಕ್ಕೆಂದು ತಂದ ಹಾರ ನನ್ನ ಕೊರಳಿಗೆ. ಮುಂದೆ ಮೇಷ್ಟ್ರು ಹೆಣ್ಣುಮಕ್ಕಳ ಜೊತೆ ನಗುತ್ತ ನಡೆದರು. ಹೆಂಗಸರು ಬಾಗಿಲು ಬಾಗಿಲಿಗೆ ಬಂದು ಅವರಿಗೆ ಕೈ ಮುಗಿದು, ಆರತಿ ಮಾತ್ರ ಬಂಡಿಗೆ ಎತ್ತಿದರು. ಫೇಲಾದ ಹುಡುಗನ ಅಪ್ಪ ತನ್ನ ಪಾಲಿನ ಹಾರವನ್ನೂ ನನಗೇ ಹಾಕಿ ಮೆಲ್ಲಗೆ, "ಓದ್ರೆ ಓಯ್ತು ಬುಡಿ ಸಾಮಿ. ಮುಂದಿನ್ ಸಲನಾರ ಒಸಿ ಕನ್ನಡ ಯೇಳ್ಕೊಡಿ" ಎಂದ.

ಫೋಟೋ

ಕೆಲವು ವರ್ಷಗಳ ಮೇಲೆ ಮೇಷ್ಟ್ರ ಮನೆಯವರೆಲ್ಲ ದೂರದ ತಮ್ಮವರ ದೇಶಕ್ಕೆ ಹೊರಟರು, ಅವರೂ ಹೋದರು. ಅವರು ಹೋದ ಮೊದಲ ಶುಕ್ರವಾರ ಸಂಜೆ ಅಜ್ಜಿ ಬಂದು ನಮ್ಮ ಮನೆಯಲ್ಲಿ ದೀಪ ಹಚ್ಚಿದಳು. "ನಾನೇ ಹಚ್ಚಿಕೊಳ್ತೀನಿ ಅಜ್ಜಿ, ನನಗೆ ನೇಮ ಇಲ್ಲ" ಎಂದೆ. "ನಿಂಗಲ್ಲ ಕಣಪ್ಪ, ನೀ ಸುಮ್ಕಿರು" ಎಂದಳು. ಆ ಮನುಷ್ಯನಿಗೆ ಆ ಊರು, ಆ ಊರಿಗೆ ಆ ಮನುಷ್ಯ ಸಿಕ್ಕಿದ್ದು, ಇಬ್ಬರ ನಡುವೆ ನನಗೊಂದು ಜಾಗ ಸಿಕ್ಕಿದ್ದು ನನ್ನ ಭಾಗ್ಯ.

ನಾನು ರಿಟೈರಾಗಿ ಬೆಳಗೊಳದ ಮನೆಯಲ್ಲಿದ್ದಾಗ ಆ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆ ಬಂತು. ಹೋದೆ. ಹೆಡ್ಮಿಸ್ಟ್ರೆಸ್ ಯಾರು ಗೊತ್ತೇ? ಅದೇ ಅಧ್ಯಕ್ಷರ ಮೊಮ್ಮಗಳು. ಕಾಲಿಗೆ ಬಿದ್ದು ಒಳಗೆ ಕರೆದುಕೊಂಡು ಹೋದಳು. ಆಫೀಸಿನ ಗೋಡೆಯ ಮೇಲೆ ದೊಡ್ಡದಾಗಿ ಆ ಮೆರವಣಿಗೆಯ ಫೋಟೋ. ಬಣ್ಣದ ಕೊಂಬಿನ ಎತ್ತು, ಬಾಳೆಕಂದು, ನಡುವೆ ಕಿವಿಯ ತನಕ ಹಾರ ಹಾಕಿಕೊಂಡು ಬೆವರುತ್ತಿರುವ ನಾನು.

ಅಲ್ಲೇ ನಿಂತಿದ್ದ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನೂ ಫೋಟೋವನ್ನೂ ನೋಡಿ ಕಣ್ಣರಳಿಸಿದಳು. "ಸಾರ್, ನಮ್ಮ ಸ್ಕೂಲು ಉಳ್ಸಿದ್ದು ನೀವೇನಾ? ಶನಿವಾರ ಬಂಡಿ ಅತ್ತದ ಲೆಕ್ಕದ ಮೇಷ್ಟ್ರು ನೀವೇನಾ? ಮತ್ತೆ ಅತ್ತಿ ಕುಂತಿದೀರಲ್ಲ!"

ಹೆಡ್ಮಿಸ್ಟ್ರೆಸ್ ನಗು ತಡೆಯಲಾರದೆ ಕಿಟಕಿ ಕಡೆ ತಿರುಗಿದಳು.

"ಅವರಲ್ಲಮ್ಮ ನಾನು" ಎಂದು ಫೋಟೋದ ಹತ್ತಿರ ಹೋದೆ. ಎತ್ತುಗಳ ಮುಂದೆ, ಚೌಕಟ್ಟಿನ ತೀರಾ ಅಂಚಿನಲ್ಲಿ, ಹೆಜ್ಜೆ ಎತ್ತಿದ ಒಂದು ಚಪ್ಪಲಿಕಾಲು ಮಾತ್ರ ಕಾಣುತ್ತಿತ್ತು. ಅದನ್ನು ಬೆರಳಿಟ್ಟು ತೋರಿಸಿದೆ. "ನೋಡು, ಅವರು ಇವರು. ಈ ಶಾಲೆ, ನಿಮ್ಮ ಹೆಡ್ಮಿಸ್ಟ್ರೆಸ್ಸು, ನಿನ್ನ ಓದು, ಎಲ್ಲ ಈ ಕಾಲಿನವರದು."

ಹುಡುಗಿ ಕಾಲನ್ನು ನೋಡಿದಳು. ಆಮೇಲೆ ಬಂಡಿಯ ಮೇಲಿದ್ದ ನನ್ನನ್ನು ನೋಡಿದಳು.

"ಮತ್ತೆ ಆರ ಎಲ್ಲಾ ನಿಮಗ್ಯಾಕೆ ಆಕವ್ರೆ ಸಾರ್?"

"ಅವತ್ತು ಶನಿವಾರ ಆಗಿತ್ತಮ್ಮ" ಎಂದೆ.